ಚಿಕ್ಕ ಮೇಡಂ

ಯಂತ್ರದ ಮೊದಲ ಮಾತನ್ನು ಓದಿದಾಗ ಪಾಲಾಕ್ಷನಿಗೆ ತನ್ನ ಹೆಂಡತಿಯೇ ಎದುರಿಗೆ ಕೂತು ಮಾತಾಡಿದಂತಾಯಿತು.

“ಸ್ವಲ್ಪ ತಡೀರಿ. ಹದಿನಾಲ್ಕನೇ ಗೇಟಿನದ್ದು ಬಂದು ನಿಲ್ಲಲಿ, ಆಮೇಲೆ ಟಗ್ ಕಳಿಸೋಣ,” ಎಂದು ಪರದೆಯ ಮೇಲೆ ಅಕ್ಷರ ಮೂಡಿದ್ದವು.

‘ಸ್ವಲ್ಪ ತಡೀರಿ’ ಎಂಬುದು ನೀಲಾಂಬಿಕೆಯ ಮಾತು. ಕುಕ್ಕರ್ ಕೂಗುವಾಗಲೂ ಅದೇ, ಮಗಳು ಸ್ಕೂಟಿ ಕೀಲಿ ಕೇಳಿದಾಗಲೂ ಅದೇ. ಅದನ್ನು ಯಂತ್ರಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಎಂಟು ತಿಂಗಳು ಅವಳ ಹಣೆಗೆ ಕಟ್ಟಿದ್ದ ಪಟ್ಟಿಯಿಂದ ಅದು ತಾನಾಗಿಯೇ ಕಲಿತುಕೊಂಡಿತ್ತು. ಪಾಲಾಕ್ಷ ಆ ಸಾಲನ್ನು ಎರಡು ಸಲ ಓದಿದ. ನಂತರ ಕಿಟಕಿಯ ಕಡೆ ತಿರುಗಿ ಕೂತ.

ಚಳ್ಳಕೆರೆಯಾಚೆಯ ಬಯಲಿನಲ್ಲಿ ತುಂಗಾ ಏರ್‌ವೇಸ್‌ನವರು ಕಟ್ಟಿದ್ದ ಆ ನಿಲ್ದಾಣಕ್ಕೆ ಬರುವವರಲ್ಲಿ ನೂರಕ್ಕೆ ತೊಂಬತ್ತು ಮಂದಿ ಚಳ್ಳಕೆರೆಯನ್ನು ನೋಡುವುದೇ ಇಲ್ಲ. ಅವರು ಒಂದು ವಿಮಾನದಿಂದ ಇಳಿದು ಇನ್ನೊಂದನ್ನು ಹತ್ತಲು ಬರುವವರು. ಬೆಳಿಗ್ಗೆ ಆರೂವರೆಯಿಂದ ಏಳೂಕಾಲರ ಒಳಗೆ ಇಪ್ಪತ್ತೆರಡು ವಿಮಾನ ಇಳಿಯುತ್ತವೆ, ಎಂಟು ಗಂಟೆಯ ಹೊತ್ತಿಗೆ ಅವೆಲ್ಲ ಬೇರೆ ಬೇರೆ ಊರಿಗೆ ಹಾರಿಹೋಗುತ್ತವೆ. ಅಲ್ಲಿಯವರು ಇದನ್ನು ‘ಅಲೆ’ ಎನ್ನುತ್ತಾರೆ. ಜನ ತಮ್ಮ ಕಾಲಿನಿಂದ ನಡೆದು ಗೇಟು ಬದಲಿಸುತ್ತಾರೆ. ಅವರ ನಾಲ್ಕು ಸಾವಿರ ಚಿಲ್ಲರೆ ಪೆಟ್ಟಿಗೆ, ಬ್ಯಾಗು, ಗಂಟುಗಳನ್ನು ಬದಲಿಸುವುದು ಕೆಳಗಿನ ಬ್ಯಾಗೇಜ್ ಹಾಲ್‌ನವರ ಕೆಲಸ.

ಆ ಹಾಲಿನಲ್ಲಿ ಎರಡು ಕುರ್ಚಿಗಳಿವೆ. ಒಳಕುರ್ಚಿಯಲ್ಲಿ ಕೂತವರು ಯಾವ ಬ್ಯಾಗು ಯಾವ ದಾರಿಯಲ್ಲಿ ಯಾವಾಗ ಹೋಗಬೇಕೆಂದು ತೀರ್ಮಾನಿಸುತ್ತಾರೆ. ಕಿಟಕಿ ಕುರ್ಚಿಯಲ್ಲಿ ಕೂತವರು ಗಾಜಿನಾಚೆ ವಿಮಾನಗಳನ್ನು ನೋಡುತ್ತ, ಬ್ಯಾಗಿನ ಟ್ರಾಲಿ ಎಳೆಯುವ ಟಗ್ ಗಾಡಿ ಓಡಿಸುವವರ ಜೊತೆ ವಾಕಿಟಾಕಿಯಲ್ಲಿ ಮಾತಾಡುತ್ತ, ಕಣ್ಣಿಗೆ ಕಂಡದ್ದನ್ನು ಒಳಕುರ್ಚಿಗೆ ಹೇಳುತ್ತಾರೆ. ಎಷ್ಟೋ ವರ್ಷ ಒಳಕುರ್ಚಿಯಲ್ಲಿ ನೀಲಾಂಬಿಕೆ, ಕಿಟಕಿ ಕುರ್ಚಿಯಲ್ಲಿ ಪಾಲಾಕ್ಷ. ಈಗ ಒಳಕುರ್ಚಿಯನ್ನು ತೆಗೆದು ಆ ಜಾಗದಲ್ಲಿ ಒಂದು ಪರದೆ ಇಟ್ಟಿದ್ದರು. ಕಂಪನಿ ಅದಕ್ಕಿಟ್ಟ ಹೆಸರು ‘ಸಂಧಿ’.

ಒಬ್ಬ ಅನುಭವಿ ಕೆಲಸಗಾರನ ಅಂದಾಜನ್ನೇ ಅಚ್ಚು ತೆಗೆಯಲು ಬಂದರೆ ಹೇಗೆ ಎಂಬ ಯೋಚನೆ ಮೂರನೇ ಮಹಡಿಯ ಪ್ರಯೋಗಾಲಯದಲ್ಲಿ ಹುಟ್ಟಿತ್ತು. ಅದರ ಮುಖ್ಯಸ್ಥೆ ದಾವಣಗೆರೆಯ ಹುಡುಗಿ ಜಬೀನಾ ತಾಜ್. ಅವಳು ಪಾಲಾಕ್ಷ, ನೀಲಾಂಬಿಕೆ ಇಬ್ಬರ ಹಣೆಗೂ ತೆಳ್ಳನೆಯ ಪಟ್ಟಿ ಕಟ್ಟಿದಳು. ಎದುರಿಗೆ ಕಣ್ಣಿನ ಚಲನೆ ಹಿಡಿಯುವ ಕ್ಯಾಮೆರಾ, ಆಡುವ ಮಾತು ಹಿಡಿಯುವ ಮೈಕು ಇಟ್ಟಳು. ಮನುಷ್ಯ ಒಂದು ತೀರ್ಮಾನಕ್ಕೆ ಬರುವ ಅರೆಕ್ಷಣ ಮೊದಲೇ ಮಿದುಳಿನಲ್ಲಿ ಒಂದು ಸಣ್ಣ ಏರಿಳಿತ ಆಗುತ್ತದಂತೆ. ಅದನ್ನೂ, ಆಗ ಕಣ್ಣು ಎಲ್ಲಿತ್ತೆಂಬುದನ್ನೂ, ಕೊನೆಗೆ ಬ್ಯಾಗು ತಲುಪಿತೋ ಇಲ್ಲವೋ ಎಂಬುದನ್ನೂ ಯಂತ್ರ ಒಟ್ಟಿಗೆ ಹೊಂದಿಸಿ ಕಲಿಯುತ್ತಿತ್ತು.

“ನಿಮಗೆ ಗೊತ್ತಿದೆ ಅಂತ ನಿಮಗೇ ಗೊತ್ತಿಲ್ಲದ ವಿಷಯ ಇರುತ್ತಲ್ಲ ಸರ್, ಅದನ್ನ ಹಿಡಿಯೋದು,” ಎಂದಿದ್ದಳು ಜಬೀನಾ.

ಇಬ್ಬರಲ್ಲಿ ಹೆಚ್ಚು ಬ್ಯಾಗು ಮುಟ್ಟಿಸಿದವರ ಅಚ್ಚು ಉಳಿಯುವುದಿತ್ತು. ಅದು ತನ್ನದೇ ಆಗುತ್ತದೆ ಎಂಬುದರಲ್ಲಿ ಪಾಲಾಕ್ಷನಿಗೆ ಅನುಮಾನವಿರಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ನಿಲ್ದಾಣ ಶುರುವಾದಾಗ ಮೊದಲ ಶಿಫ್ಟಿನ ಮೇಲ್ವಿಚಾರಕ ಅವನೇ. ನೀಲಾಂಬಿಕೆ ಬೆಲ್ಟಿನ ಪಕ್ಕ ನಿಂತು ಟ್ಯಾಗ್ ಓದುವ ಕೆಲಸಕ್ಕೆ ಬಂದ ಹುಡುಗಿ. “ಬ್ಯಾಗ್ ನೋಡಬೇಡ, ಬ್ಯಾಗ್ ಎತ್ತೋನ ಹೆಗಲು ನೋಡು. ಸುಸ್ತಾಗಿದಾನೋ ಇಲ್ವೋ ಅಲ್ಲೇ ತಿಳಿಯುತ್ತೆ,” ಎಂದು ಹೇಳಿಕೊಟ್ಟವನು ಅವನು. ಗಾಳಿ ಪಡುವಣದಿಂದ ಬೀಸಿದರೆ ವಿಮಾನ ಆಚೆ ತುದಿಯಲ್ಲಿ ಇಳಿದು ಏಳು ನಿಮಿಷ ಉರುಳಿಕೊಂಡು ಬರುತ್ತದೆ ಎಂದು ತೋರಿಸಿದವನು ಅವನು. ಹೀಗೆ ಕಲಿಸುತ್ತ ಕಲಿಸುತ್ತಲೇ ಮದುವೆಯೂ ಆಯಿತು.

ಫಲಿತಾಂಶವನ್ನು ಕ್ಯಾಂಟೀನಿನಲ್ಲಿ ಎಲ್ಲರ ಮುಂದೆ ಓದಿದರು. ತಪ್ಪಿಹೋಗುವ ಅಪಾಯವಿದ್ದ ಸಾವಿರ ಬ್ಯಾಗುಗಳಲ್ಲಿ ನೀಲಾಂಬಿಕೆ ಮುಟ್ಟಿಸಿದ್ದು ಒಂಬೈನೂರ ಎಪ್ಪತ್ತೊಂದು. ಅವಳ ರಜೆಯ ದಿನಗಳಲ್ಲಿ, ಮತ್ತು ತಾನೇ ಹೊಣೆ ಹೊತ್ತ ಪಾಳಿಗಳಲ್ಲಿ, ಪಾಲಾಕ್ಷ ಮುಟ್ಟಿಸಿದ್ದು ಒಂಬೈನೂರ ಮೂವತ್ತೆಂಟು.

ಪಾಲಾಕ್ಷ ತಾನೇ ಎದ್ದು ಹೋಗಿ ಎರಡು ಕೆ.ಜಿ. ಜಿಲೇಬಿ ತಂದ. ತಾನೇ ಹಂಚಿದ. ಟಗ್ ಚಾಲಕರ ಮುಖಂಡ ಬೋರಯ್ಯ ಬಾಯಿತುಂಬ ಜಿಲೇಬಿ ಇಟ್ಟುಕೊಂಡು, “ಸಾರ್, ಇನ್ಮೇಲೆ ಮನೇಲಿ ಮೇಡಮ್ಮು, ಇಲ್ಲಿ ಚಿಕ್ಕ ಮೇಡಮ್ಮು. ನಿಮಗೆ ಎಲ್ಲೂ ತಪ್ಪಿಸ್ಕೊಳ್ಳೋಕೆ ದಾರಿ ಇಲ್ಲ ಬಿಡಿ,” ಎಂದ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಪಾಲಾಕ್ಷ ನಕ್ಕ. ಅಂದಿನಿಂದ ಇಡೀ ಹಾಲಿಗೆ ಆ ಪರದೆ ‘ಚಿಕ್ಕ ಮೇಡಂ’ ಆಯಿತು.

ನೀಲಾಂಬಿಕೆಯನ್ನು ವೇಳಾಪಟ್ಟಿ ಹೊಂದಿಸುವ ವಿಭಾಗಕ್ಕೆ, ಐದನೇ ಮಹಡಿಗೆ ಕಳಿಸಿದರು. ಲಿಫ್ಟಿನೊಳಗೆ ಅವಳ ಫೋಟೊ ಅಂಟಿಸಿದರು. ದಿನಕ್ಕೆ ನಾಲ್ಕು ಸಲ ಲಿಫ್ಟ್ ಹತ್ತುತ್ತಿದ್ದ ಪಾಲಾಕ್ಷ ಮೆಟ್ಟಿಲು ಹಿಡಿದ. ಮಂಡಿಗೆ ಒಳ್ಳೆಯದೆಂದು ಎಲ್ಲರಿಗೂ ಹೇಳಿದ.

ಅವನನ್ನು ಹೆಚ್ಚು ಸುಟ್ಟದ್ದು ಫೋಟೊ ಅಲ್ಲ. ಹೊಸ ಕೆಲಸದಿಂದ ನೀಲಾಂಬಿಕೆ ಸೋತು ಮನೆಗೆ ಬರುತ್ತಿದ್ದಳು. ಮುದ್ದೆ ಮುರಿಯುತ್ತ ಎದುರಿಗೆ ಕೂತರೆ ಅವಳ ತಲೆಯೊಳಗೆ ಯಾವುದೋ ವಿಮಾನ ಯಾವುದೋ ಊರಿಗೆ ಹೊರಡುತ್ತಿರುತ್ತಿತ್ತು. ಅವನು ಏನು ಹೇಳಿದರೂ “ಹ್ಞೂಂ” ಎನ್ನುವಳು. ಹಾಲಿಗೆ ಬಂದರೆ ಪರದೆ ಎಲ್ಲರ ಜೊತೆಯೂ ಹಳೆಯ ನೀಲಾಳಂತೆ ಮಾತಾಡುತ್ತಿತ್ತು. ಬೋರಯ್ಯ ಯಾವ ಟ್ರಾಲಿ ಮೊದಲು ಎಂದು ಕೇಳಿದರೆ, “ನೀವೇ ನೋಡ್ತಿದೀರಲ್ಲ ಬೋರಯ್ಯ, ನಿಮಗೆ ಸರಿ ಅನ್ನಿಸಿದ್ದು ಮಾಡಿ,” ಎನ್ನುವುದು. ಬೋರಯ್ಯನ ಮುಖ ಅರಳುವುದು. ಹೆಂಡತಿಯ ಒಳ್ಳೆಯ ಭಾಗವನ್ನೆಲ್ಲ ಯಾರೋ ತೆಗೆದು ಊರಿಗೆಲ್ಲ ಹಂಚಿ, ಸುಸ್ತನ್ನು ಮಾತ್ರ ತನ್ನ ಮನೆಗೆ ಕಳಿಸುತ್ತಿದ್ದಾರೆ ಎನ್ನಿಸುತ್ತಿತ್ತು ಪಾಲಾಕ್ಷನಿಗೆ. ಹೆಂಡತಿಯ ಮೇಲೆ ಕರುಬಬೇಕೋ ಅವಳ ಅಚ್ಚಿನ ಮೇಲೆ ಕರುಬಬೇಕೋ ಅವನಿಗೇ ತಿಳಿಯಲಿಲ್ಲ. ಎರಡರ ಮೇಲೂ ಕರುಬಿದ.

ಒಂದು ಮಧ್ಯಾಹ್ನ ಹಾಲಿನಲ್ಲಿ ಯಾರೂ ಇಲ್ಲದಾಗ ಅವನು ಪರದೆಗೆ ಟೈಪು ಮಾಡಿದ: “ನಿನಗೆ ಈ ಕೆಲಸ ಕಲಿಸಿದವರು ಯಾರು?”

“ಆ ಮಾಹಿತಿ ನನ್ನಲ್ಲಿಲ್ಲ. ಎಂಟನೇ ಗೇಟಿಗೆ ಒಂದು ಟಗ್ ಬೇಕಾಗಿದೆ,” ಎಂದು ಉತ್ತರ ಬಂತು.

ಕಾರ್ತಿಕ ಮಾಸದ ಮೊದಲ ವಾರ ನಿರ್ದೇಶಕ ಸದಾನಂದ್ ಎಲ್ಲ ವಿಭಾಗದವರನ್ನೂ ಸಭೆಗೆ ಕರೆದರು. ಕಂಪನಿ ಹಳೆಯ ಹನ್ನೊಂದು ವಿಮಾನಗಳನ್ನು ವಾಪಸ್ ಕೊಟ್ಟು ಆರು ದೊಡ್ಡ ವಿಮಾನ ತರುವುದಿತ್ತು. ಕಡಿಮೆ ವಿಮಾನ, ಹೆಚ್ಚು ಓಡಾಟ. ಹಾಗಾಗಿ ಇಳಿದವರು ಮುಂದಿನ ವಿಮಾನ ಹತ್ತಲು ಇದ್ದ ಐವತ್ತು ನಿಮಿಷದ ಬಿಡುವು ಚಳಿಗಾಲದ ವೇಳಾಪಟ್ಟಿಯಲ್ಲಿ ಮೂವತ್ತೆಂಟಕ್ಕೆ ಇಳಿಯುತ್ತಿತ್ತು. ಗೋಡೆಯ ಮೇಲೆ ಬಣ್ಣದ ಪಟ್ಟಿಗಳನ್ನು ತೋರಿಸುತ್ತ ವಿವರಿಸಿದವಳು ನೀಲಾಂಬಿಕೆ.

ಪಾಲಾಕ್ಷ ಎದ್ದು ನಿಂತ. “ಮೂವತ್ತೆಂಟು ಆಗಲ್ಲ ಸರ್. ಯಂತ್ರಕ್ಕೆ ಆಗಬಹುದು, ಹೊರೋರ ಕಾಲಿಗೆ ಆಗಲ್ಲ.”

“ಸಂಧಿ ಆಗುತ್ತೆ ಅಂತಿದೆಯಲ್ಲ ಪಾಲಾಕ್ಷಪ್ಪ,” ಎಂದರು ಸದಾನಂದ್.

“ಹೋದ ವಾರ ಅದರಲ್ಲಿದ್ದ ಒಂದೆರಡು ಅನಗತ್ಯ ರೂಢಿಗಳನ್ನ ತೆಗೆದು ಶುದ್ಧಿ ಮಾಡಿದ್ವಿ ಸರ್. ಈಗ ಇನ್ನೂ ಚುರುಕಾಗಿದೆ,” ಎಂದಳು ಜಬೀನಾ.

ಪಾಲಾಕ್ಷ ಹೆಂಡತಿಯ ಮುಖ ನೋಡಿದ. ಅವಳು ಕಾಗದ ತಿರುವಿ ಹಾಕುತ್ತಿದ್ದಳು, ತಲೆಯೆತ್ತಲಿಲ್ಲ. ಅವನು ಕೂತುಕೊಂಡ. ಮನೆಗೆ ಹೋಗುವಾಗ ಕಾರಿನಲ್ಲಿ ಅವಳು, “ನನ್ನ ಕೈಲಿ ಏನಿದೆ ಹೇಳಿ. ಮೇಲಿನೋರು ತೀರ್ಮಾನ ಮಾಡಿ ಕಳಿಸಿದ್ದನ್ನ ಪಟ್ಟಿ ಮಾಡೋದಷ್ಟೇ,” ಎಂದಳು.

“ನಾನೇನಾದ್ರೂ ಕೇಳಿದ್ನಾ?” ಎಂದ ಪಾಲಾಕ್ಷ.

ಹೊಸ ವೇಳಾಪಟ್ಟಿಯ ಮೂರನೇ ಬೆಳಿಗ್ಗೆ ಕೊಯಮತ್ತೂರಿನ ವಿಮಾನ ಹದಿನೈದು ನಿಮಿಷ ತಡವಾಗಿ ಬಂತು. ಪರದೆ ತಕ್ಷಣ ಹೇಳಿತು: “ಕಠ್ಮಂಡುವಿಗೆ ಹೋಗೋ ನಾಲ್ಕು ರಟ್ಟಿನ ಪೆಟ್ಟಿಗೆ ಇವೆ. ಬೆಲ್ಟಿಗೆ ಹಾಕೋದು ಬೇಡ, ವಿಮಾನದಿಂದ ವಿಮಾನಕ್ಕೇ ಹೋಗಲಿ. ಏಳನೇ ಟಗ್, ನಾಲ್ಕನೇ ದಾರಿ.”

ಲೆಕ್ಕ ಸರಿಯಾಗಿಯೇ ಇತ್ತು. ಪಾಲಾಕ್ಷ ಕಿಟಕಿಯಾಚೆ ನೋಡಿದ. ನಾಲ್ಕನೇ ದಾರಿಗೆ ಅಡ್ಡಲಾಗಿ ಒಂದು ಇಂಧನ ಟ್ಯಾಂಕರ್ ನಿಂತಿತ್ತು. ಅದರ ಹಿಂದಿನ ಚಕ್ರದ ಬಳಿ ಚಾಲಕ ಕುಕ್ಕುರುಗಾಲಲ್ಲಿ ಕೂತು ಏನೋ ಇಣುಕುತ್ತಿದ್ದ. ಇಂಧನ ತುಂಬಿ ಹೊರಟಿದ್ದೇನೆಂದು ಟ್ಯಾಂಕರಿನ ಸಾಧನ ಆಗಲೇ ಸಂದೇಶ ಕೊಟ್ಟಿತ್ತು, ಚಕ್ರ ಕಚ್ಚಿಕೊಂಡದ್ದು ಆಮೇಲೆ. ಯಂತ್ರದ ಪಾಲಿಗೆ ದಾರಿ ಖಾಲಿ. ಇಂಥದ್ದನ್ನು ಹೇಳುವುದಕ್ಕೇ ಕಿಟಕಿ ಕುರ್ಚಿ ಇದ್ದದ್ದು. ಒಂದು ಗುಂಡಿ ಒತ್ತಿ ‘ನಾಲ್ಕನೇ ದಾರಿ ಬಂದ್’ ಎಂದರೆ ಮುಗಿಯಿತು.

ಪಾಲಾಕ್ಷ ಗುಂಡಿಯ ಮೇಲೆ ಬೆರಳಿಟ್ಟ. ತೆಗೆದ.

‘ಗೊತ್ತಲ್ಲ ನಿನಗೆ ಎಲ್ಲ. ಹೇಳು ನೋಡೋಣ,’ ಎಂದಿತು ಅವನ ಮನಸ್ಸು.

ವಾಕಿಟಾಕಿಯಲ್ಲಿ ಬೋರಯ್ಯ ಕೂಗಿದ: “ಸಾರ್, ನಾಕನೇ ದಾರೀಲಿ ಟ್ಯಾಂಕರ್ ನಿಂತೈತೆ. ಏಳನೇ ಟಗ್ ತಿರುಗಿಸ್ಲಾ?” ಪಾಲಾಕ್ಷ ಸುಮ್ಮನಿದ್ದ. ಬೋರಯ್ಯ ಮತ್ತೆ ಕೂಗಿದ. ಮೂರನೆಯ ಸಲಕ್ಕೆ ಪಾಲಾಕ್ಷ, “ತಿರುಗಿಸಿ,” ಎಂದ. ಟಗ್ ಹಿಂದೆ ಸರಿದು, ಇಡೀ ಸಾಲು ಸುತ್ತಿಕೊಂಡು ಬರುವಷ್ಟರಲ್ಲಿ ಕಠ್ಮಂಡುವಿನ ವಿಮಾನದ ಹೊಟ್ಟೆಯ ಬಾಗಿಲು ಮುಚ್ಚಿತ್ತು. ಹೊಸ ವೇಳಾಪಟ್ಟಿಯಲ್ಲಿ ಯಾರೂ ಯಾರಿಗೂ ಕಾಯುವಂತಿರಲಿಲ್ಲ.

“ಮೂರು ನಿಮಿಷ ತಡ. ನಾಲ್ಕು ಪೆಟ್ಟಿಗೆ ಉಳಿದವು,” ಎಂದು ಪರದೆ ಬರೆಯಿತು.

ಪಾಲಾಕ್ಷನಿಗೆ ಎಷ್ಟೋ ತಿಂಗಳ ಮೇಲೆ ಎದೆ ತಂಪಾಯಿತು. ಎದ್ದು ಹೋಗಿ ಕಾಫಿ ಕುಡಿದು ಬಂದ. ಕಾಫಿ ರುಚಿಯಾಗಿಯೂ ಇತ್ತು.

ಹಿಂತಿರುಗಿದಾಗ ಬೋರಯ್ಯ ನಾಲ್ಕೂ ಪೆಟ್ಟಿಗೆಗಳನ್ನು ಟ್ರಾಲಿಯಲ್ಲಿಟ್ಟುಕೊಂಡು ಹಾಲಿನ ಬಾಗಿಲಲ್ಲಿ ನಿಂತಿದ್ದ. ಅವನ ಮುಖ ಸರಿಯಿರಲಿಲ್ಲ.

“ಸಾರ್, ಇದು ಡಯಾಲಿಸಿಸ್ ನೀರು. ನಮ್ಮತ್ತೆಗೂ ಇದನ್ನೇ ಹಾಕೋದು. ಕಿಡ್ನಿ ಹೋದೋರಿಗೆ ದಿನಕ್ಕೆ ನಾಕು ಸಲ ಹೊಟ್ಟೆಯೊಳಕ್ಕೆ ಬಿಟ್ಟು ತೆಗೀಬೇಕು. ಇಲ್ದಿದ್ರೆ ಎರಡು ದಿನಕ್ಕೇ ಮೈಯೆಲ್ಲ ಊದ್ಕೊಂಡು ಉಸಿರು ಕಟ್ತದೆ.”

ಟ್ಯಾಗಿನಲ್ಲಿ ರಂಗಸಾಮಿ ಎಂಬ ಹೆಸರಿತ್ತು, ಫೋನ್ ನಂಬರಿತ್ತು. ಕಠ್ಮಂಡುವಿನಲ್ಲಿ ವಿಮಾನ ಇಳಿಯುವ ಹೊತ್ತಿಗೆ ಪಾಲಾಕ್ಷ ಫೋನು ಮಾಡಿದ. ಎತ್ತಿದವರು ಅವರ ಹೆಂಡತಿ ರಾಜಾಮಣಿ. ಗದ್ದಲದಲ್ಲಿ ಮಾತು ಕೇಳಿಸದೆ ಪಾಲಾಕ್ಷ ಫೋನನ್ನು ಬಲಗಿವಿಯಿಂದ ಎಡಗಿವಿಗೆ ಬದಲಿಸಿಕೊಂಡ. ಕೊಯಮತ್ತೂರಿನ ನೇಕಾರರ ಮನೆತನದ ಕನ್ನಡ ಅದು.

“ಮಗಳ ಬಾಣಂತನಕ್ಕಂತ ಬಂದವ್ರಪ್ಪ ನಾವು. ಇಲ್ಲಿ ಪೆಟ್ಟಿಗೆ ಬರ್ಲಿಲ್ಲ ಅಂತವ್ರೆ. ಕೈಚೀಲದಾಗೆ ಎರಡು ಸಲಕ್ಕೆ ಆಗೋವಷ್ಟು ಐತೆ. ಸಂಜೆಗಂಟ ಸರಿ. ಆಮ್ಯಾಕೆ?”

ಮುಂದಿನ ನೇರ ವಿಮಾನ ಇದ್ದದ್ದು ಮರುದಿನ. ಪಾಲಾಕ್ಷ ಐದನೇ ಮಹಡಿಗೆ ಫೋನು ಮಾಡಿ ಹೆಂಡತಿಗೆ ಪೆಟ್ಟಿಗೆಯ ವಿಷಯ ಹೇಳಿದ. ಉಳಿದದ್ದನ್ನು ಹೇಳಲಿಲ್ಲ. ಅವಳೂ ಕೇಳಲಿಲ್ಲ. ಎರಡೇ ನಿಮಿಷದಲ್ಲಿ ದಾರಿ ಹುಡುಕಿದಳು.

“ಹನ್ನೊಂದು ಗಂಟೆಗೆ ನಮ್ಮದು ದಿಲ್ಲಿಗೆ ಇದೆ. ಅಲ್ಲಿಂದ ಬೇರೆ ಕಂಪನಿಯದು ಸಂಜೆ ಒಳಗೆ ಕಠ್ಮಂಡು ಮುಟ್ಟುತ್ತೆ. ಬರೀ ಪೆಟ್ಟಿಗೆ ಕಳಿಸಿದ್ರೆ ಅಲ್ಲಿ ತಡೆದು ಕೂರಿಸ್ತಾರೆ. ಯಾರಾದ್ರೂ ಜೊತೆಗೆ ಹೋಗ್ಬೇಕು.”

“ನಾನೇ ಹೋಗ್ತೀನಿ.”

“ನೇಪಾಳಕ್ಕೆ ಪಾಸ್‌ಪೋರ್ಟ್ ಬೇಡ. ವೋಟರ್ ಕಾರ್ಡ್ ಇದೆಯಾ?”

“ಪರ್ಸಲ್ಲಿದೆ.”

ಇಪ್ಪತ್ತೆರಡು ವರ್ಷ ಊರವರ ಬ್ಯಾಗು ಬದಲಿಸಿದ ಪಾಲಾಕ್ಷ ತಾನೇ ಒಂದು ವಿಮಾನದಿಂದ ಇನ್ನೊಂದಕ್ಕೆ ದಾಟಿದ್ದು ಅದೇ ಮೊದಲು. ದಿಲ್ಲಿಯಲ್ಲಿ ಗಾಜಿನ ಗೋಡೆಗೆ ಹಣೆ ಹಚ್ಚಿ ಕೆಳಗೆ ನೋಡುತ್ತ ನಿಂತ. ಗುರುತಿಲ್ಲದ ಒಬ್ಬ ಲೋಡರ್ ಅವನ ನಾಲ್ಕು ಪೆಟ್ಟಿಗೆಗಳನ್ನು ಟ್ರಾಲಿಯಿಂದ ಎತ್ತಿ ಬೇರೆ ಕಡೆ ಇಟ್ಟು ಎಲ್ಲಿಗೋ ಹೋದ. ಹನ್ನೆರಡು ನಿಮಿಷ ವಾಪಸ್ಸೇ ಬರಲಿಲ್ಲ. ಆ ಹನ್ನೆರಡು ನಿಮಿಷದಲ್ಲಿ ಪಾಲಾಕ್ಷನ ಅಂಗಿಯ ಬೆನ್ನು ಒದ್ದೆಯಾಯಿತು. ಅಲ್ಲಿಯೂ ಒಬ್ಬ ಕಿಟಕಿ ಕುರ್ಚಿಯವನು ಇರುತ್ತಾನೆ, ಅವನ ಮನೆಯಲ್ಲಿ ಏನು ನಡೆದಿದೆಯೋ ಯಾರಿಗೆ ಗೊತ್ತು ಎಂದು ಯೋಚಿಸಿದ.

ಕಠ್ಮಂಡುವಿನಲ್ಲಿ ಇನ್ನೂ ಬಿಸಿಲಿತ್ತು. ಹೊರಬಾಗಿಲಲ್ಲಿ ಕಾದಿದ್ದ ರಾಜಾಮಣಿ ಗಿಡ್ಡಗಿನ ಹೆಂಗಸು, ಸೀರೆಯ ಮೇಲೆ ಸ್ವೆಟರ್ ಹಾಕಿದ್ದರು. ಪೆಟ್ಟಿಗೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು.

“ಇದಕ್ಕೋಸ್ಕರ ಅಲ್ಲಿಂದ ಬಂದ್ರಾ? ನೀವು ಚೆನ್ನಾಗಿರ್ಬೇಕಪ್ಪ.”

ಆ ಮಾತನ್ನು ಹೊತ್ತು ವಾಪಸ್ ಹೋಗಲು ಪಾಲಾಕ್ಷನಿಗೆ ಆಗಲಿಲ್ಲ. “ಅಮ್ಮಾ, ತಪ್ಪು ನನ್ನದೇ. ದಾರಿಗೆ ಗಾಡಿ ಅಡ್ಡ ನಿಂತದ್ದು ನೋಡಿದ್ದೆ. ಹೇಳಲಿಲ್ಲ.”

“ಯಾಕೆ?”

ಪಾಲಾಕ್ಷ ಬಗ್ಗಿ ಪೆಟ್ಟಿಗೆಯ ಟ್ಯಾಗನ್ನು ನೇರ ಮಾಡಿದ.

“ನಮ್ಮೆಜಮಾನ್ರ ಮ್ಯಾಲೆ ನಿಮಗೇನು ಕ್ವಾಪ?”

“ಅವರ ಮೇಲಲ್ಲಮ್ಮ.”

ರಾಜಾಮಣಿ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಮತ್ತೆ ಹರಸಲಿಲ್ಲ, ಬೈಯಲೂ ಇಲ್ಲ. “ಸರಿ, ಆ ಎರಡು ಪೆಟ್ಟಿಗೆ ನೀವು ಎತ್ಕೊಳ್ಳಿ. ಟ್ಯಾಕ್ಸಿಯೋನು ಕಾಯ್ತವ್ನೆ,” ಎಂದರು.

ಎರಡು ದಿನದ ಮೇಲೆ ವಿಚಾರಣೆ ನಡೆಯಿತು. ಸದಾನಂದ್ ಅವರ ಕೋಣೆಯಲ್ಲಿ ಜಬೀನಾ, ನೀಲಾಂಬಿಕೆ, ಪಾಲಾಕ್ಷ ಮೂವರೇ. ಟ್ಯಾಂಕರಿನ ಚಕ್ರ, ಅದರ ತಪ್ಪು ಸಂದೇಶ ಎಲ್ಲ ಮಾತಾಡಿ ಮುಗಿದ ಮೇಲೆ ಜಬೀನಾ ಕೈಲಿದ್ದ ಟ್ಯಾಬನ್ನು ಮೇಜಿನ ಮೇಲಿಟ್ಟಳು.

“ನಮ್ಮದೂ ಒಂದು ತಪ್ಪಿದೆ ಸರ್, ಹೇಳ್ಬೇಕು. ಹೋದ ತಿಂಗಳು ಶುದ್ಧಿ ಮಾಡಿದ್ವಿ ಅಂದ್ನಲ್ಲ, ಆಗ ಸಂಧಿಯಿಂದ ಒಂದು ವಿಚಿತ್ರ ರೂಢಿ ತೆಗೆದ್ವಿ. ಕಿಟಕಿ ಕುರ್ಚಿಲಿ ಪಾಲಾಕ್ಷ ಸರ್ ಇದ್ದ ದಿನ ಮಾತ್ರ ಅದು ಎಲ್ಲ ಟಗ್‌ಗಳನ್ನೂ ನಾಲ್ಕು ನಿಮಿಷ ಮೊದಲೇ ಹೊರಡಿಸ್ತಿತ್ತು. ಬೇರೆ ಯಾರು ಕೂತರೂ ಇಲ್ಲ. ಯಂತ್ರದ ದೋಷ ಅಂದ್ಕೊಂಡ್ವಿ. ನಿನ್ನೆ ಹಳೇ ದಾಖಲೆ ತೆಗೆದು ನೋಡಿದ್ರೆ ಮೇಡಂ ಒಳಕುರ್ಚಿಲಿ ಇದ್ದಾಗಲೂ ಹಾಗೇ ಮಾಡಿದಾರೆ. ಆರು ವರ್ಷದಿಂದ. ತಾವು ರಜೆ ಹಾಕಿ ಸರ್ ಒಬ್ಬರೇ ಇರೋ ದಿನಕ್ಕೂ ಹಿಂದಿನ ದಿನವೇ ಟಗ್ ಸರದಿ ಹಾಗೆ ಬರೆದಿಟ್ಟು ಹೋಗ್ತಿದ್ರು. ಆ ನಾಲ್ಕು ನಿಮಿಷ ಇದ್ದಿದ್ರೆ ಟಗ್ ಸುತ್ತಿಕೊಂಡು ಬಂದಿದ್ರೂ ಪೆಟ್ಟಿಗೆ ಹೋಗಿರೋದು.”

ಸದಾನಂದ್ ನೀಲಾಂಬಿಕೆಯ ಕಡೆ ತಿರುಗಿದರು. “ಯಾಕೆ ಮೇಡಂ?”

“ಅಭ್ಯಾಸ ಸರ್.”

“ಒಬ್ಬರಿಗೆ ಮಾತ್ರ ಅಭ್ಯಾಸವಾ?”

ನೀಲಾಂಬಿಕೆ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. “ಅದು ನಾನು ನನ್ನ ಗಂಡನಿಗೆ ಕೊಟ್ಟಿದ್ದು ಸರ್. ನೀವು ಹಣೆಗೆ ಪಟ್ಟಿ ಕಟ್ಟಿ ಅದನ್ನೂ ತಗೊಂಡ್ರಿ. ಬೇಡ ಅಂತ ಬಿಸಾಕಿದ್ದೂ ನೀವೇ.”

ಪಾಲಾಕ್ಷನಿಗೆ ಎಲ್ಲ ಒಮ್ಮೆಗೇ ಅರ್ಥವಾಯಿತು. ವಿಮಾನಗಳ ಸದ್ದಿನಲ್ಲಿ ಅವನ ಬಲಗಿವಿ ಹೋಗಿ ಆರು ವರ್ಷವಾಗಿತ್ತು. ವಾಕಿಟಾಕಿಯ ಮೊದಲ ಕೂಗು ಅವನಿಗೆ ಬರೀ ಗೊರಗೊರ; ಎರಡನೆಯದೋ ಮೂರನೆಯದೋ ಮಾತಾಗಿ ಕೇಳುತ್ತಿತ್ತು. ವೈದ್ಯಕೀಯ ಪರೀಕ್ಷೆಯಲ್ಲಿ ತಂತ್ರ ಮಾಡಿ ದಾಟಿಕೊಂಡಿದ್ದ. ಯಾರಿಗೂ ಗೊತ್ತಿಲ್ಲವೆಂದೇ ನಂಬಿದ್ದ. ಅವಳಿಗೆ ಗೊತ್ತಿತ್ತು. ಅವನ ಭಾರವನ್ನೂ ಹೊತ್ತುಕೊಂಡೇ ಅವಳು ಒಂಬೈನೂರ ಎಪ್ಪತ್ತೊಂದು ಮುಟ್ಟಿಸಿದ್ದಳು. ಅವನ ಒಂಬೈನೂರ ಮೂವತ್ತೆಂಟರಲ್ಲೂ ಅವಳ ಕೈ ಇತ್ತು.

ಈಗ ತಪ್ಪನ್ನು ಕಿವಿಯ ಮೇಲೆ ಹಾಕಿದರೆ ಎಲ್ಲ ಮುಗಿಯುತ್ತಿತ್ತು. ಕಿವುಡನೆಂದು ಕನಿಕರಿಸಿ ಬೇರೆ ಕೆಲಸ ಕೊಡುತ್ತಿದ್ದರು. ನೀಲಾಂಬಿಕೆ ಕಣ್ಣಲ್ಲೇ ಅದನ್ನು ಹೇಳುತ್ತಿದ್ದಳು.

“ನನ್ನ ಬಲಗಿವಿ ಕೇಳಿಸಲ್ಲ ಸರ್,” ಎಂದ ಪಾಲಾಕ್ಷ. “ಅದಕ್ಕೇ ಅವಳು ನಾಲ್ಕು ನಿಮಿಷ ಕೊಡ್ತಿದ್ಲು. ಆದ್ರೆ ಆವತ್ತಿನದು ಕಿವಿಯ ತಪ್ಪಲ್ಲ. ಟ್ಯಾಂಕರ್ ಕಣ್ಣಿಗೆ ಕಂಡಿತ್ತು. ಬೋರಯ್ಯ ಕೂಗಿದ್ದೂ ಗೊತ್ತಾಯ್ತು. ಸುಮ್ಮನಿದ್ದೆ.”

“ಯಾಕ್ರೀ?”

“ಹೊಟ್ಟೆಕಿಚ್ಚು ಸರ್.”

ಜಬೀನಾ ಟ್ಯಾಬಿನ ಬೆಳಕನ್ನು ಆರಿಸಿದಳು.

ಮನೆಗೆ ಬಂದಾಗ ಮಧ್ಯಾಹ್ನ ಎರಡು ಗಂಟೆ. ಮಗಳು ಕಾಲೇಜಿನಲ್ಲಿದ್ದಳು. ನೀಲಾಂಬಿಕೆ ಚಪ್ಪಲಿ ಬಿಟ್ಟವಳು ಒಳಗೆ ಹೋಗದೆ ಹಜಾರದಲ್ಲೇ ನಿಂತಳು.

“ಯಂತ್ರ ಸೋಲ್ಲಿ ಅಂತ ತಾನೆ ಕಾದಿದ್ದು?”

“ಹೌದು.”

“ಅದರೊಳಗಿರೋದು ಯಾರು?”

ಅವನು ಚಪ್ಪಲಿಯನ್ನು ಗೂಡಿಗೆ ಇಟ್ಟ.

“ಹೇಳ್ರೀ. ಯಾರು?”

“ನೀನು.”

“ಹ್ಞಾ. ನಾನು.” ಅವಳು ಬ್ಯಾಗನ್ನು ಕುರ್ಚಿಯ ಮೇಲಿಟ್ಟಳು. “ಇಪ್ಪತ್ತು ವರ್ಷ ನಾನು ಪಾಲಾಕ್ಷಪ್ಪನ ಹೆಂಡ್ತಿ. ‘ಗಂಡ ಕಲಿಸಿದ್ದು, ಅದಕ್ಕೇ ಅಷ್ಟು ಚೆನ್ನಾಗಿ ಮಾಡ್ತಾಳೆ’ ಅಂತ ಎಲ್ಲರೂ ಅನ್ನೋರು. ನಾನು ತಲೆ ಕೆಡಿಸ್ಕೊಂಡು ಉಳಿಸಿದ ಬ್ಯಾಗಿಗೂ ಹೊಗಳಿಕೆ ನಿಮಗೇ. ನನಗೆ ಉರೀತಿರಲಿಲ್ಲ ಅಂದ್ಕೊಂಡ್ರಾ? ಉರೀತಿತ್ತು. ನಿಮ್ಮ ಮುಖ ನೋಡೋಕೂ ಆಗದಷ್ಟು ಉರಿದ ದಿನ ಇದಾವೆ. ಆದ್ರೆ ಅದಕ್ಕೆ ಯಾರದೋ ಪೆಟ್ಟಿಗೆ ನಿಲ್ಲಿಸಲಿಲ್ಲ ನಾನು.”

ಅವಳು ಅಡುಗೆಮನೆಗೆ ಹೋದಳು. ಪಾತ್ರೆಗಳ ಸದ್ದಾಯಿತು. ಪಾಲಾಕ್ಷ ಕುರ್ಚಿಯ ತುದಿಯಲ್ಲಿ ಕೂತ. ತನಗೆ ಇಷ್ಟು ವರ್ಷ ಕಾಣದ ಒಂದು ಉರಿ ಇದೇ ಮನೆಯಲ್ಲಿ, ಇದೇ ಒಲೆಯ ಪಕ್ಕದಲ್ಲಿ ಇತ್ತೆಂಬುದು ಅವನಿಗೆ ಹೊಸ ಸುದ್ದಿ. ಎದ್ದು ಹೋಗಿ ಏನಾದರೂ ಹೇಳಬೇಕೆನ್ನಿಸಿತು. ಒಳಗೆ ಹೋಗಿ ಅವಳು ತೊಳೆದಿಟ್ಟ ತಟ್ಟೆಗಳನ್ನು ಒರೆಸಿದ.

ಒಂದು ತಿಂಗಳು ಅವನನ್ನು ಕೆಲಸದಿಂದ ದೂರವಿಟ್ಟರು. ನಂತರ ಕಿಟಕಿ ಕುರ್ಚಿ ತಪ್ಪಿಸಿ, ಬ್ಯಾಗು ಕಳೆದುಕೊಂಡವರು ದೂರು ಕೊಡುವ ಕೌಂಟರಿಗೆ ಹಾಕಿದರು. ದಾವಣಗೆರೆಗೆ ಹೋಗಿ ಕಿವಿಗೆ ಸಾಧನ ಹಾಕಿಸಿಕೊಂಡು ಬಂದ. ಅದನ್ನು ಹಾಕಿದ ಮೊದಲ ದಿನ ಹೆಂಡತಿ ನಿದ್ದೆಯಲ್ಲಿ ಹಲ್ಲು ಕಡಿಯುತ್ತಾಳೆಂಬುದು ಗೊತ್ತಾಯಿತು. ನೀಲಾಂಬಿಕೆ ಬಹಳ ದಿನ ಅವನ ಜೊತೆ ಬೇಕಾದಷ್ಟೇ ಮಾತಾಡಿದಳು. ಒಂದು ಭಾನುವಾರ ಮಂಡಕ್ಕಿ ಒಗ್ಗರಣೆ ಹಾಕಿ ಒಂದೇ ತಟ್ಟೆಯಲ್ಲಿ ತಂದು ನಡುವೆ ಇಟ್ಟಳು. ಇಬ್ಬರೂ ಅದರಿಂದಲೇ ತಿಂದರು.

ಫಾಲ್ಗುಣದಲ್ಲಿ ಬೇಸಿಗೆಯ ವೇಳಾಪಟ್ಟಿ ಬಂತು. ಅಚ್ಚಾದ ಹಾಳೆಯನ್ನು ಕೌಂಟರಿಗೆ ತಂದುಕೊಟ್ಟವನು ಬೋರಯ್ಯ.

“ನೋಡಿ ಸಾರ್. ಮೂವತ್ತೆಂಟು ಹೋಯ್ತು. ಇನ್ಮೇಲೆ ನಲವತ್ತೆರಡು. ಹಳೇ ವಿಮಾನ ಒಂದನ್ನ ವಾಪಸ್ ಕೊಡಬೇಡಿ ಅಂತ ಮೇಡಮ್ಮು ಮೇಲಿನೋರ ಹತ್ರ ನಾಲ್ಕು ತಿಂಗಳು ಜಗಳ ಆಡಿದ್ರಂತೆ. ಅದೊಂದು ಇದ್ರೆ ಎಲ್ರಿಗೂ ನಾಕು ನಿಮಿಷ ಸಿಗ್ತದಂತೆ. ಕೊನೆಗೂ ಒಪ್ಪಿಸಿದ್ರು.”

ಇದರ ಬಗ್ಗೆ ನೀಲಾಂಬಿಕೆ ಮನೆಯಲ್ಲಿ ಒಂದು ಮಾತೂ ಆಡಿರಲಿಲ್ಲ. ಪಾಲಾಕ್ಷ ಹಾಳೆಯನ್ನು ಕೈಗೆ ತೆಗೆದುಕೊಂಡ. ಕೊಚ್ಚಿ, ಕೊಯಮತ್ತೂರು, ವಾರಾಣಸಿ, ಕಠ್ಮಂಡು, ಮಸ್ಕತ್. ಎಲ್ಲ ಸಾಲಿನ ಎದುರಿಗೂ ನಲವತ್ತೆರಡು. ಆರು ವರ್ಷ ಅವು ಅವನೊಬ್ಬನ ನಿಮಿಷಗಳಾಗಿದ್ದವು. ಯಾರಿಗೂ ತಿಳಿಯದಂತೆ, ಅವನಿಗೂ ತಿಳಿಯದಂತೆ, ಅವಳು ಪ್ರತಿ ಬೆಳಿಗ್ಗೆ ಅವನಿಗೆಂದು ಎತ್ತಿಟ್ಟವು. ಈಗ ಅವು ಮುಖ ಕಾಣದ ಲಕ್ಷ ಲಕ್ಷ ಜನರ ಸೂಟ್‌ಕೇಸಿಗೆ, ಗಂಟಿಗೆ, ರಟ್ಟಿನ ಪೆಟ್ಟಿಗೆಗೆ ಸಿಗುತ್ತಿದ್ದವು.

ಒಳ್ಳೆಯದೇ ಆಯಿತೆಂದು ಅವನಿಗೆ ಗೊತ್ತಿತ್ತು. ಆದರೂ ಆ ಜನರೆಲ್ಲರ ಮೇಲೆ, ಒಬ್ಬರನ್ನೂ ಬಿಡದಂತೆ, ಅವನಿಗೆ ಹೊಟ್ಟೆಕಿಚ್ಚಾಯಿತು.

“ಚೆನ್ನಾಗಿ ಮಾಡಿದಾಳೆ,” ಎಂದ ಬೋರಯ್ಯನಿಗೆ.

ನಂತರ ಹಾಳೆಯನ್ನು ಗೋಡೆಗೆ ಅಂಟಿಸಿ, ಟ್ಯಾಗು ಹಿಡಿದು ನಿಂತಿದ್ದ ಪ್ರಯಾಣಿಕನ ಕಡೆಗೆ ತಿರುಗಿದ.